ಕೊಪ್ಪರಿಗೆ ಮುಂದೆ ಒಂದು ಅನುಮಾನ

ಅವತ್ತು ಮಂಡ್ಯದ ಕಾಲೇಜಿನಲ್ಲಿ ಭರ್ಜರಿ ಪಾಠ ಮಾಡಿದ್ದೆ: ಎಲ್ಲವನ್ನೂ ಅನುಮಾನಿಸುತ್ತಾ ಹೋಗಿ, ಕೊನೆಗೆ ಯಾವ ಅನುಮಾನಕ್ಕೂ ಜಗ್ಗದೆ ಉಳಿಯುವುದೇ ಸತ್ಯ. ಅದೇ ಅಮಲಿನಲ್ಲಿ ಬೆಲ್ಲ ಕೊಳ್ಳಲು ಮದ್ದೂರಿನ ಹತ್ತಿರದ ಒಂದು ಆಲೆಮನೆಗೆ ನುಗ್ಗಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು.

“ನಾನು ಕಾಲೇಜು ಮೇಷ್ಟ್ರು. ಪಾಕ ಬಂತು ಅಂತ ಹೆಂಗೆ ಗೊತ್ತಾಗುತ್ತೆ?” ಎಂದು ಪಾಕ ಕಾಯುತ್ತಿದ್ದ ಯಜಮಾನರನ್ನು ಕೇಳಿದೆ.

“ಈ ಹಬೇಲಿ ಕಣ್ಣು ನಂಬಂಗಿಲ್ಲ ಮೇಷ್ಟ್ರೆ. ಬೆಳಗಿಂದ ಇಲ್ಲೇ ಇರೋ ಮೂಗ್ನೂ ನಂಬಂಗಿಲ್ಲ. ಒಂದೊಂದ್ ಗದ್ದೆ ಕಬ್ಬು ಒಂದೊಂದ್ ತರ, ಗಡಿಯಾರಾನೂ ನಂಬಂಗಿಲ್ಲ. ತಣ್ಣೀರಿಗೆ ಒಂದ್ ತೊಟ್ಟು ಬುಟ್ಟು, ಬೆರಳಲ್ಲಿ ಉಂಡೆ ಕಟ್ತದಾ ನೋಡ್ಬೇಕು.”

ನನ್ನದೇ ಪಾಠ! ಕುಣಿಯುವಂತಾಯಿತು. “ಬೆರಳೂ ಸುಳ್ಳು ಹೇಳಿದ್ರೆ? ಈ ಆಲೆಮನೆಯೇ ಕನಸಾಗಿದ್ರೆ?” ನಾನು ಕೈ ಬೀಸಿ ಬೀಸಿ ವಿವರಿಸಿದೆ. ಅವರು ಕಲಕುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ಕೇಳಿದರು. ಅಷ್ಟರಲ್ಲಿ ಸೀದ ವಾಸನೆ ಬಂತು.

“ಅಯ್ಯಯ್ಯೋ, ಪಾಕ ಓಯ್ತು!”

ಆಳುಗಳನ್ನು ಕೂಗಿ ಕೊಪ್ಪರಿಗೆ ಇಳಿಸಿದ ಮೇಲೆ ನನ್ನತ್ತ ತಿರುಗಿದರು. “ಮಿಕ್ಕಿದ್ದು ಕನಸೋ ನನಸೋ ನಂಗೊತ್ತಿಲ್ಲ. ಇದು ಕೆಟ್ಟಿದ್ದು ಮಾತ್ರ ನಿಮ್ಮಿಂದ್ಲೇ. ಅದ್ರಲ್ಲಿ ಎಳ್ಳಷ್ಟೂ ಅನುಮಾನ ಇಲ್ಲ.”

ಇಷ್ಟು ವರ್ಷ ಹುಡುಕಿದ ಸಂಶಯಾತೀತ ಸತ್ಯ ಕೊನೆಗೂ ಸಿಕ್ಕಿತ್ತು. ಅದು ನಾನೇ ಎಂಬುದೊಂದೇ ಬೇಜಾರು.