ತಾರಸಿಯ ಪುದೀನಾ, ಖಾಲಾರ ಗಂಟಲು

ಜಗತ್ತಿನಲ್ಲಿ ಖಾಲಿ ಡಬ್ಬ ಎಂಬ ವಸ್ತುವೇ ಇಲ್ಲ. ಈ ದಾರ್ಶನಿಕ ಸತ್ಯ ನನಗೆ ಹೊಳೆದದ್ದು ಯಾವ ಪವಿತ್ರ ವೃಕ್ಷದ ಕೆಳಗೂ ಅಲ್ಲ; ಮಾಘಮಾಸ ಮುಗಿಯುತ್ತಿದ್ದ ದಿನಗಳಲ್ಲಿ, ತಾರಸಿ ತೋಟದ ಹುಚ್ಚು ತಲೆಗೇರಿ, ಗಿಡ ನೆಡಲು ಡಬ್ಬ ಬೇಡುತ್ತ ಬೆಂಗಳೂರಿನ ಸರ್ವಜ್ಞನಗರದ ನಮ್ಮ ಗಲ್ಲಿಯ ಮನೆಮನೆಯ ಮೆಟ್ಟಿಲು ಹತ್ತಿ ಇಳಿದಾಗ. ನೀವೂ ಒಮ್ಮೆ ಕೇಳಿ ನೋಡಿ. ಐಸ್‌ಕ್ರೀಮಿನ ಡಬ್ಬದಲ್ಲಿ ಹುಣಸೆಹಣ್ಣಿರುತ್ತದೆ, ಪೇಂಟಿನ ಬಕೆಟ್ಟಿನಲ್ಲಿ ರಾಗಿಹಿಟ್ಟಿರುತ್ತದೆ, ಏನೂ ಇಲ್ಲದೆ ಬಾಯಿ ಬಿಟ್ಟುಕೊಂಡು ಕೂತ ಡಬ್ಬದಲ್ಲೂ ‘ಮುಂದೆ ಬೇಕಾಗುತ್ತೆ’ ಎಂಬ ಮಾತು ಕಂಠಮಟ್ಟ ತುಂಬಿರುತ್ತದೆ. ಈ ತತ್ತ್ವದ ಪರಮಾಚಾರ್ಯರೆಂದರೆ ನಮ್ಮ ಮನೆಯ ಒಡತಿ, ಗಲ್ಲಿಗೆಲ್ಲ ಚಿಕ್ಕಮ್ಮನಾದ ಮೆಹರುನ್ನಿಸಾ ಖಾಲಾ. ಅವರ ಅಡುಗೆಮನೆಯ ಸಜ್ಜೆಯ ಮೇಲೆ ತುಪ್ಪದ ತಗಡಿನ ಡಬ್ಬಗಳು ತೊಳೆದು ಒರೆಸಿಕೊಂಡು, ಕವಾಯತಿಗೆ ನಿಂತ ಸಿಪಾಯಿಗಳಂತೆ ಸಾಲಾಗಿ ನಿಂತಿವೆ. ಅದರಲ್ಲೊಂದನ್ನು ಕೇಳಿದ್ದಕ್ಕೆ, “ಮುನ್ನಾ, ಕಿಡ್ನಿ ಬೇಕಾದ್ರೆ ಕೇಳು, ಕೊಡ್ತೀನಿ. ಡಬ್ಬ ನಕೋ,” ಎಂದುಬಿಟ್ಟರು.

ಮುನ್ನಾ ಎಂದರೆ ನಾನೇ. ಪೂರ್ತಿ ಹೆಸರು ಮುನಿರಾಜು. ಖಾಲಾರ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಜಾಹೀರಾತುಗಳಿಗೆ ದನಿ ಕೊಡುವುದು ನನ್ನ ವೃತ್ತಿ, ಎದುರಿಗೆ ಸಿಕ್ಕವರ ದನಿ ಕದಿಯುವುದು ಪ್ರವೃತ್ತಿ. ದೂರು ಹೇಳಲು ನೀವು ಯಾವುದೋ ಕಚೇರಿಗೆ ಫೋನು ಮಾಡಿದಾಗ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಮಧುರವಾಗಿ ಸುಳ್ಳು ಹೇಳುವ ಕಂಠಗಳಲ್ಲಿ ಒಂದೆರಡು ನನ್ನವು. ಅಪ್ಪನಂತೆ ಕೆಮ್ಮಬಲ್ಲೆ, ಮೆಟ್ರೋದ ಬಾಗಿಲಿನಂತೆ ಎಚ್ಚರಿಸಬಲ್ಲೆ, ಸೊಪ್ಪಿನವಳಂತೆ ಕೂಗಿ ಮೂರು ಮನೆಯ ಹೆಂಗಸರನ್ನು ಬುಟ್ಟಿಸಮೇತ ಬಾಗಿಲಿಗೆ ಕರೆಯಬಲ್ಲೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಇಂಥವನಿಗೆ ತೋಟದ ಹುಚ್ಚು ಹಿಡಿದದ್ದು ವಸಂತದ ತಪ್ಪು. ನಮ್ಮೂರಿನ ವಸಂತ ಹೇಳಿ ಕೇಳಿ ಬರುವ ನೆಂಟನಲ್ಲ. ನೀವು ಸ್ವೆಟರನ್ನು ಇನ್ನೂ ಪೆಟ್ಟಿಗೆಗೆ ಸೇರಿಸಿರುವುದಿಲ್ಲ, ಅಷ್ಟರಲ್ಲೇ ದಂಡು ಪ್ರದೇಶದ ರಸ್ತೆಗಳಲ್ಲಿ ನಿಂತ ಕಾರುಗಳ ನೆತ್ತಿಯ ಮೇಲೆ ಗುಲಾಬಿ ಹೂವಿನ ಹಾಸು ಬಿದ್ದಿರುತ್ತದೆ. ನಿನ್ನೆಯವರೆಗೆ ಧೂಳು ಹೊದ್ದು ನಿಂತಿದ್ದ ಹೊಂಗೆಮರ ಇಂದು ಎಣ್ಣೆ ಹಚ್ಚಿ ಮಿಂದವಳಂತೆ ಫಳಫಳಿಸುತ್ತಿರುತ್ತದೆ. ಆ ಹೊಳಪಿಗೆ ಮರುಳಾದ ಸಭ್ಯ ನಾಗರಿಕರು ತಮಗೂ ಟೊಮೇಟೊ ಬೆಳೆಯಲು ಬರುತ್ತದೆಂದು ಭ್ರಮಿಸುವ ಕಾಲ ಅದು. ನನಗಂತೂ ಭ್ರಮೆಗೆ ವಂಶದ ಬೆಂಬಲವೂ ಇತ್ತು. ಕೆ.ಆರ್.ಪುರದಾಚೆ ನಮ್ಮದೊಂದು ಹಳ್ಳಿಯಿತ್ತು. ಈಗಲೂ ಇದೆ, ಅಪಾರ್ಟ್‌ಮೆಂಟುಗಳ ನಡುವೆ ಉಸಿರು ಬಿಗಿಹಿಡಿದು ನಿಂತಿದೆ. ತಾತ ರಾಗಿ ಬೆಳೆಯುತ್ತಿದ್ದ ಕಡೆ ಅಪ್ಪ ಬಾಡಿಗೆ ಬೆಳೆಯುತ್ತಾರೆ, ಮಳೆಯ ಹಂಗಿಲ್ಲದ ಬೆಳೆ. ಅವರಿಗೆ ಫೋನು ಮಾಡಿದೆ.

“ನಮ್ದು ರೈತ್ರ ವಂಸ ಕಣೋ,” ಎಂದು ಅಪ್ಪ ಫೋನಿನಲ್ಲೇ ಎದೆಯುಬ್ಬಿಸಿದರು. “ಯಾರೂ ಯೋಳ್ಕೊಡ್ಬೇಕಾಗಿಲ್ಲ ನಮ್ಗೆ. ಕೈ ಇಟ್ರೆ ಬೆಳೀತದೆ.”

“ಅಪ್ಪಾ, ಕೊತ್ತಂಬರಿ ಬೀಜ ಹೆಂಗೆ ಹಾಕೋದು?”

ಅಪ್ಪ ಒಮ್ಮೆ ಕೆಮ್ಮಿದರು. “ಹಂಗೇ ಹಾಕೋದು.”

ಹಂಗೇ ಹಾಕಿದೆ. ಈಗಲೂ ಹಂಗೇ ಇವೆ. ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕೆಂಬುದು ಆಮೇಲೆ ಗೊತ್ತಾಯಿತು. ಆ ವಿಷಯ ಗೊತ್ತಿದ್ದ ಕೊನೆಯ ರೈತ ನಮ್ಮ ವಂಶದಲ್ಲಿ ತಾತನೇ ಇರಬೇಕು.

ಬಿತ್ತುವುದಕ್ಕೂ ಮೊದಲು ನಕ್ಷೆಯಾಗಬೇಕಲ್ಲ. ಹಲಸೂರಿನ ಗೆಳೆಯ ಸೆಲ್ವಂ ಶಿವಾಜಿನಗರದ ಗುಜರಿಯಿಂದ ಸೀಳುಬಿಟ್ಟ ಪೇಂಟಿನ ಬಕೆಟ್ಟುಗಳನ್ನು ಸ್ಕೂಟರಿನ ಮೇಲೆ ಗೋಪುರದಂತೆ ಕಟ್ಟಿಕೊಂಡು ತಂದ, ಮರುಸುತ್ತಿನಲ್ಲಿ ಮಣ್ಣಿನ ಮೂಟೆಗಳನ್ನೂ. ನಾನು ಸೀಮೆಸುಣ್ಣ ಹಿಡಿದು ತಾರಸಿಯ ಮೇಲೆ ಪೂರ್ವ ಬೆಂಗಳೂರನ್ನೇ ಬರೆದೆ. ದಪ್ಪ ಮೆಣಸಿನಕಾಯಿ, ಬ್ರಾಕೊಲಿಯಂಥ ದುಬಾರಿ ತರಕಾರಿಗಳಿಗೆ ಇಂದಿರಾನಗರ; ಮೈಗೆ ಮೈ ತಾಗಿಸಿ ಬದುಕಬಲ್ಲ ಮೆಂತ್ಯ, ದಂಟು, ಪುದೀನಾಗಳಿಗೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಶಿವಾಜಿನಗರ; ಇನ್ನೂ ಕೆಲಸ ಸಿಗದ ಬಕೆಟ್ಟುಗಳು ಮೆಟ್ರೋ ರೈಲಿನಂತೆ ಬಂದು ತಂಗಲು ಬೈಯಪ್ಪನಹಳ್ಳಿ; ಪೈಪು ಎಷ್ಟೆಳೆದರೂ ತಲುಪದ ಮೂಲೆಗೆ, ಅಪ್ಪ ಕ್ಷಮಿಸಬೇಕು, ಕೆ.ಆರ್.ಪುರ.

“ನಮ್ ಏರಿಯಾ ಎಲ್ಲಿ ಮಗಾ?” ಎಂದ ಸೆಲ್ವಂ, ಬೆವರು ಒರೆಸಿಕೊಳ್ಳುತ್ತ. “ಬಕೆಟ್ ಹೊರೋಕೆ ಮಾತ್ರ ಹಲಸೂರು, ಮ್ಯಾಪಲ್ಲಿ ಇಲ್ವಾ?”

ಹಾಗಾಗಿ ಒಂದು ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ ಹಲಸೂರು ಕೆರೆಯನ್ನೂ ಪ್ರತಿಷ್ಠಾಪಿಸಿದೆವು. ಅದೇ ಹೊತ್ತಿಗೆ ಖಾಲಾ ಮಂಡಿನೋವನ್ನು ಶಪಿಸುತ್ತ ಮೆಟ್ಟಿಲೇರಿ ಬಂದು, ಬೈಯಪ್ಪನಹಳ್ಳಿಯಲ್ಲಿ ಕಾಲಿಟ್ಟು ನಿಂತರು.

“ಇದೇನು ಇದು? ನನ್ನ ಮೆಣಸಿನಕಾಯಿ ಎಲ್ಲಿ ಒಣಗ್ಬೇಕು, ನಿನ್ನ ತಲೆ ಮೇಲಾ?”

ಪ್ರತಿ ಬೇಸಿಗೆಯಲ್ಲೂ ವರ್ಷಕ್ಕಾಗುವಷ್ಟು ಕೆಂಪು ಮೆಣಸಿನಕಾಯಿಯನ್ನು ಖಾಲಾ ಅದೇ ತಾರಸಿಯಲ್ಲಿ ಹಾಸುವುದು. ನಾನು ಕೈಮುಗಿದೆ, ಸೆಲ್ವಂ ಎರಡು ಭಾಷೆಯಲ್ಲಿ ಬೇಡಿದ. ರಂಜಾನ್ ತಿಂಗಳು ಶುರುವಾಗಲು ಕೆಲವೇ ದಿನ ಉಳಿದಿದ್ದವು; ಅದರ ಪುಣ್ಯವೋ ಏನೋ, ಖಾಲಾ ಕೊಂಚ ಕರಗಿದರು.

“ಸರಿ, ಈದ್ ತನಕ ನೋಡ್ತೀನಿ. ಈದ್ ಬಿರಿಯಾನಿಗೆ ಪುದೀನಾ ಈ ತಾರಸಿಯಿಂದಾನೇ ಬರ್ಬೇಕು. ಬಂತಾ, ತೋಟ ಇಟ್ಕೋ. ಬರ್ಲಿಲ್ವಾ, ನಿನ್ನ ಇಂದಿರಾನಗರ, ಶಿವಾಜಿನಗರ ಎಲ್ಲಾ ಎತ್ತಿ ಬೀದಿಗೆ.”

ಅಂದಿನಿಂದ ನನ್ನ ಸಾಮ್ರಾಜ್ಯದ ಅಳಿವು ಉಳಿವು ಪುದೀನಾದ ಮೇಲೆ ನಿಂತಿತು. ಖಾಲಾ ಎಲೆ ಬಿಡಿಸಿಕೊಂಡು ಎಸೆದ ಕಡ್ಡಿಗಳನ್ನೇ ಆಯ್ದು ತಂದು ನೆಟ್ಟೆ, ಅವರದೇ ಅಡುಗೆಮನೆಯ ಅಕ್ಕಿ ತೊಳೆದ ನೀರನ್ನು ಹೊತ್ತು ತಂದು ಉಣಿಸಿದೆ. ವಾರ ಕಳೆಯುವಷ್ಟರಲ್ಲಿ ಕಡ್ಡಿಯ ಗೆಣ್ಣಿನಲ್ಲಿ ಇಲಿಯ ಕಿವಿಯಂಥ ಎರಡು ಎಲೆ ಮೂಡಿದವು. ನಾನು ಕುಣಿದ ರಭಸಕ್ಕೆ ಕೆಳಗಿನ ಮನೆಯ ಫ್ಯಾನು ಅಲುಗಿತೆಂದು ಖಾಲಾ ಇಂದಿಗೂ ಸಾಧಿಸುತ್ತಾರೆ. ಕಂಡಕಂಡವರಿಗೆ ಆ ಎಲೆಗಳ ಫೋಟೊ ತೋರಿಸಿದೆ. ಸ್ಟುಡಿಯೋದಲ್ಲಿ ಒಬ್ಬರು ‘ಹೆಣ್ಣೋ ಗಂಡೋ’ ಎಂದು ಕೇಳಿದ ಮೇಲೆ ನಿಲ್ಲಿಸಿದೆ.

ಆಗ ಇಳಿದವು ಪಾರಿವಾಳಗಳು. ಅಡ್ಡಾಡಿಕೊಂಡು ಬಂದವಲ್ಲ, ಸೈಟು ನೋಡಲು ಬಂದವರಂತೆ ಎದೆ ಮುಂದೆ ಮಾಡಿ, ಕತ್ತು ಕೊಂಕಿಸಿ, ಮೊದಲು ಇಂದಿರಾನಗರವನ್ನು ನೆಲಸಮ ಮಾಡಿ, ಮೆಂತ್ಯದ ಮೊಳಕೆಯನ್ನು ಮುಗಿಸಿ, ಪುದೀನಾದ ಕಡೆ ಹೆಜ್ಜೆ ಹಾಕಿದವು. ಸೆಲ್ವಂ ಹಳೆಯ ಸಿ.ಡಿ.ಗಳನ್ನು ನೇತುಹಾಕಿದ, ಅವು ಅದರಲ್ಲಿ ಮುಖ ನೋಡಿಕೊಂಡವು. ನನ್ನ ಅಂಗಿ ತೊಡಿಸಿ ಬೆದರುಬೊಂಬೆ ನಿಲ್ಲಿಸಿದೆ. ಬಹುಕಾಲದ ನೆಂಟರಂತೆ ಅದರ ಹೆಗಲ ಮೇಲೆ ಕೂತವು. ಇಷ್ಟು ವರ್ಷ ಇಲ್ಲದ ಈ ದಾರ್ಷ್ಟ್ಯ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಂಡಾಗ ಕಾರಣ ಹೊಳೆಯಿತು. ಇಷ್ಟು ವರ್ಷವೂ ಅವುಗಳನ್ನು ಹದ್ದುಬಸ್ತಿನಲ್ಲಿಟ್ಟಿದ್ದುದು ಖಾಲಾರ ಗಂಟಲು. ಮೆಣಸಿನಕಾಯಿಯ ಹತ್ತಿರ ಒಂದು ರೆಕ್ಕೆ ಸುಳಿದರೂ ಅವರು ಕೆಳಗಿನಿಂದಲೇ, “ಏ ಬೇಶರಮ್, ಜಾ ರೇ, ತೇರೆ ಬಾವಾ ಕಾ ಘರ್ ಹೈ ಕ್ಯಾ?” ಎಂದು ಗರ್ಜಿಸುತ್ತಿದ್ದರು. ನಾಚಿಕೆಗೆಟ್ಟವನೇ, ತೊಲಗು, ಇದೇನು ನಿನ್ನಪ್ಪನ ಮನೆಯೇ ಎಂಬ ಆ ಪ್ರಶ್ನೆಗೆ ಉತ್ತರವಿಲ್ಲದೆ ಪಕ್ಷಿಸಂಕುಲ ಗಲ್ಲಿಯನ್ನೇ ಬಿಟ್ಟು ಹೋಗುತ್ತಿತ್ತು. ಈಗ ರಂಜಾನ್. ರೋಜಾ ಹಿಡಿದು ಉಪವಾಸವಿರುವವರು ಯಾರನ್ನೂ ಬಯ್ಯುವಂತಿಲ್ಲ. ಖಾಲಾ ಶಸ್ತ್ರ ಕೆಳಗಿಟ್ಟ ಸುದ್ದಿ ಪಾರಿವಾಳಗಳಿಗೆ ತಲುಪಿತ್ತು.

ಶಸ್ತ್ರ ಕೆಳಗಿದ್ದರೆ ಎತ್ತಿಕೊಳ್ಳಲು ನಾನಿಲ್ಲವೇ. ಮರುದಿನ ಬೆಳಿಗ್ಗೆ ಪುದೀನಾದ ಬಳಿ ಮೊದಲ ಕೊಕ್ಕು ಬಾಗುತ್ತಿದ್ದಂತೆ ಖಾಲಾರ ಕಂಠದಲ್ಲಿ, ಅವರ ಏರಿಳಿತದಲ್ಲಿ, ಕೊನೆಯ ‘ಕ್ಯಾ’ದ ಚಾಟಿಯೇಟಿನ ಸಮೇತ ಆ ಮಂತ್ರವನ್ನು ಉಚ್ಚರಿಸಿದೆ. ಪಾರಿವಾಳಗಳು ಬಂದೂಕು ಸಿಡಿದಂತೆ ಹಾರಿದವು. ಕಲೆಯ ಸಾರ್ಥಕ್ಯ ಎಂದರೇನೆಂದು ಅಂದು ತಿಳಿಯಿತು. ಜಾಹೀರಾತು ಕೇಳಿ ಯಾರೂ ಇಷ್ಟು ಪ್ರಾಮಾಣಿಕವಾಗಿ ಸ್ಪಂದಿಸಿದ್ದಿಲ್ಲ. ಆಮೇಲೆ ದಿನವೂ ಮುಂಜಾನೆ, ಖಾಲಾ ನಸುಕಿನ ಊಟ, ನಮಾಜು ಮುಗಿಸಿ ಮತ್ತೆ ಮಲಗಿದ ಹೊತ್ತಿಗೆ, ಒಂದು ಪಾಳಿ, ಪುದೀನಾ ದಿನವೂ ಒಂದು ಗೆಣ್ಣು ಮೇಲೆ.

ನನಗೆ ತಿಳಿಯದೇ ಹೋದದ್ದೆಂದರೆ, ಅದೇ ಹೊತ್ತಿಗೆ ಅದೇ ಗೋಡೆಯ ಕೆಳಗೆ ಬೇಕರಿಯ ಅಂಥೋಣಿ ಅಂಕಲ್ ಸೈಕಲ್ಲಿನಲ್ಲಿ ಬನ್ನು ಹಾಕುತ್ತ ಹೋಗುತ್ತಿದ್ದರು. ಕೆಲವು ದಿನ ತಾಳಿಕೊಂಡು, ಕೊನೆಗೆ ಒಂದು ಬೆಳಿಗ್ಗೆ ಅವರು ಖಾಲಾರ ಬಾಗಿಲು ತಟ್ಟಿದರು. “ಏನ್ ಬೀಬಿ, ನಾನ್ ಏನ್ ತಪ್ಪು ಮಾಡ್ದೆ? ಡೈಲಿ ಬೆಳಿಗ್ಗೆ ನನ್ ಬನ್ನು ನೋಡಿ ಬೇಶರಮ್ ಅಂತೀರಲ್ಲ. ಅದೂ ರೋಜಾ ಟೈಮಲ್ಲಿ. ಗಲ್ಲಿಯೆಲ್ಲ ಮಾತಾಡ್ತಾ ಇದೆ.”

ಇದೆಲ್ಲ ಗೊತ್ತಿಲ್ಲದೆ ಅತ್ತ ನಾನು ತಾರಸಿಯಲ್ಲಿ ಎರಡನೆಯ ಸುತ್ತಿನ ‘ತೇರೆ ಬಾವಾ ಕಾ’ ತಲುಪಿದ್ದೆ. ಹಕ್ಕಿಗಳು ಹಾರಿದ ಸಂಭ್ರಮದಲ್ಲಿ ತಿರುಗಿ ನೋಡಿದರೆ ಮೆಟ್ಟಿಲ ತುದಿಯಲ್ಲಿ ಖಾಲಾ ನಿಂತಿದ್ದರು. ನನ್ನ ಬಾಯಲ್ಲಿ ಅವರ ದನಿ ಇನ್ನೂ ಅರ್ಧ ಉಳಿದಿತ್ತು, ನುಂಗಿಕೊಂಡೆ.

“ಬಾಯಿ ಕಟ್ಟಿರೋಳು ನಾನು, ಬಯ್ಯೋನು ನೀನು, ಹೆಸರು ನಂದು,” ಎಂದರು. ದನಿ ಏರಿರಲಿಲ್ಲ, ಅದೇ ಭಯವಾಯಿತು. “ಹೊಟ್ಟೆ ಕಟ್ಟೋದು ಸುಲಭ ಮುನ್ನಾ. ಈ ನಾಲಿಗೆ ಕಟ್ಟೋದು ಎಷ್ಟು ಕಷ್ಟ ಗೊತ್ತಾ? ನನ್ನ ಸೊಸೆ ಉಪ್ಪಿಲ್ಲದ ಸಾರು ಮಾಡಿದ್ಲು, ಒಂದು ಮಾತು ಆಡಿಲ್ಲ. ಎಲ್ಲಾ ಇಲ್ಲಿ ನೀನು ನೀರುಪಾಲು ಮಾಡ್ಬಿಟ್ಟೆ.”

ನನ್ನೊಳಗಿನ ಹಾಸ್ಯಗಾರ ಆ ಕ್ಷಣ ಎಲ್ಲಿಗೋ ರಜೆ ಹಾಕಿ ಹೋದ. ತಪ್ಪಾಯ್ತು ಖಾಲಾ ಎಂದೆ. ಯಾರ ದನಿಯಲ್ಲಿ ಎಂದೆನೋ ತಿಳಿಯಲಿಲ್ಲ, ಬಹಳ ಸಣ್ಣದಾಗಿತ್ತು. ತೋಟ ಬೀದಿಗೆ ಹೋಯಿತೆಂದೇ ಲೆಕ್ಕ ಹಾಕಿಕೊಂಡೆ. ಖಾಲಾ ಪುದೀನಾವನ್ನು ನೋಡಿದರು, ನನ್ನನ್ನು ನೋಡಿದರು, ಮೆಟ್ಟಿಲಿಳಿಯಲು ತಿರುಗಿದವರು ತಡೆಯಲಾರದೆ ನಿಂತರು.

“ಅದೂ ಎಷ್ಟು ಸಪ್ಪೆ ಬಯ್ತೀಯ. ನಾನು ಹಿಂಗಾ ಬಯ್ಯೋದು?”

“ಹೆಂಗೆ ಮತ್ತೆ, ಖಾಲಾ?”

ಅವರ ಬಾಯಿ ತೆರೆಯಿತು, ಎದೆ ತುಂಬಿತು, ಕಣ್ಣು ಹೊಳೆಯಿತು, ನೆನಪಾಗಿ ಮುಚ್ಚಿಕೊಂಡರು. “ಈದ್ ಆಗ್ಲಿ, ತೋರಿಸ್ತೀನಿ. ಅಲ್ಲೀತನಕ ನಿನ್ನ ಗಂಟಲಲ್ಲೇ ಓಡಿಸ್ಕೋ. ಶರತ್ತು ಶರತ್ತೇ.”

ಮೊದಲು ಬೇಕರಿಗೆ ಹೋಗಿ ಅಂಥೋಣಿ ಅಂಕಲ್‌ಗೆ ನಿಜ ಹೇಳಿದೆ. ನಂಬಲಿಲ್ಲ. ಗಾಜಿನ ಬೀರುವಿನ ಮುಂದೆ ನಿಂತು ಒಮ್ಮೆ ಪ್ರದರ್ಶಿಸಬೇಕಾಯಿತು. ಪಫ್ಸ್ ತಿನ್ನುತ್ತಿದ್ದವರೆಲ್ಲ ನಕ್ಕು ಕೆಮ್ಮಿದರು, ಖಾಲಾರ ಮಾನ ಉಳಿಯಿತು, ನನ್ನದು ಹೋಯಿತು. ಅದು ಇದ್ದ ಗಾತ್ರಕ್ಕೆ ಯಾರಿಗೂ ದೊಡ್ಡ ನಷ್ಟವೇನಲ್ಲ.

ಕಷ್ಟವಾದದ್ದು ಸ್ವಂತ ಗಂಟಲನ್ನು ಹುಡುಕುವುದು. ‘ಹುಶ್’ ಎಂದೆ, ಪಾರಿವಾಳಗಳು ಆಕಳಿಸಿದಂತೆ ಕಂಡವು. ಅಪ್ಪನಂತೆ ಕೆಮ್ಮಿದರೆ ಪಕ್ಕಕ್ಕೆ ಸರಿದು ಜಾಗ ಕೊಟ್ಟವು. ಹತಾಶನಾಗಿ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದಾಗ ಸಾಲಾಗಿ ನಿಂತು ಕಾದವು. ಕೊನೆಗೆ ಬೇರೆ ದಾರಿ ಕಾಣದೆ ಬೆಳಕು ಹರಿಯುವ ಮುಂಚೆಯೇ ಚಹಾದ ಲೋಟ ಹಿಡಿದು ಪುದೀನಾದ ಪಕ್ಕದಲ್ಲಿ ಸುಮ್ಮನೆ ಕೂರತೊಡಗಿದೆ. ಯಾರನ್ನೂ ಅಣಕಿಸದೆ ಅಷ್ಟು ಹೊತ್ತು ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಆಶ್ಚರ್ಯವೆಂದರೆ, ಮಾತಿಲ್ಲದೆ ಕೂತ ಮನುಷ್ಯನ ಹತ್ತಿರ ಪಾರಿವಾಳಗಳು ಸುಳಿಯಲಿಲ್ಲ. ಅಷ್ಟು ಸುಮ್ಮನಿರುವವನು ಏನೋ ಹೂಡಿದ್ದಾನೆಂದು ಅನುಮಾನಿಸಿದವೇನೋ.

ಹಾಗೆ ಕೂತು ನೋಡುವಾಗ ಹೊಳೆದದ್ದು, ಪುದೀನಾ ನನಗಿಂತ ದೊಡ್ಡ ಮಿಮಿಕ್ರಿ ಕಲಾವಿದ. ಅಡುಗೆಮನೆಯಿಂದ ಎಸೆದ ಒಂದು ಕಡ್ಡಿ ತನ್ನ ತಾಯಿಗಿಡದ ಎಲೆಯ ಸುಕ್ಕು, ಅಂಚಿನ ಗರಗಸ, ಬೆರಳು ತಾಗಿದರೆ ಏಳುವ ಘಮ ಎಲ್ಲವನ್ನೂ ಒಂದಕ್ಷರ ತಪ್ಪದೆ ಅನುಕರಿಸುತ್ತದೆ. ಬೇರು ಬಿಟ್ಟ ಮೇಲೆ ಮಾತ್ರ ಅದನ್ನು ಯಾರೂ ನಕಲು ಎನ್ನುವುದಿಲ್ಲ. ನನ್ನ ಮಣ್ಣು ಸೆಲ್ವಂ ತಂದದ್ದು, ನೀರು ಖಾಲಾರದ್ದು, ಹೆಮ್ಮೆ ಅಪ್ಪನದು, ಗದರಿಕೆ ಕದ್ದದ್ದು. ಸ್ವಂತದ್ದೆಂದು ನಾನು ಹಾಕಿದ್ದು ಈ ಕೂತ ಹೊತ್ತು ಮಾತ್ರ; ಪುದೀನಾ ಅದನ್ನೂ ಕುಡಿದು ಬೆಳೆಯಿತು.

ಈದ್‌ನ ಮುಂಜಾನೆ ಕತ್ತರಿಸಿದೆ. ಬಕೆಟ್ಟಿನಲ್ಲಿ ಕಾಡಿನಂತೆ ಕಂಡದ್ದು ಪಾತ್ರೆಗೆ ಬಿದ್ದಾಗ ಎರಡು ಹಿಡಿಯಾಯಿತು. ಕೆಳಗೆ ಖಾಲಾರ ಹಂಡೆ ಇಡೀ ಬಳಗಕ್ಕೆ ಬೇಯಲು ಕಾಯುತ್ತಿತ್ತು. ಅವರು ಪಾತ್ರೆಯೊಳಗೆ ಇಣುಕಿ, ಇಸಿದುಕೊಂಡರು. ಅಡುಗೆಮನೆಯ ಕಟ್ಟೆಯ ಮೇಲೆ ಮಾರ್ಕೆಟ್ಟಿನ ಪುದೀನಾ ದೊಡ್ಡ ಕಟ್ಟು ಕಟ್ಟಾಗಿ ಒರಗಿ ಕೂತಿದ್ದುದು ನನ್ನ ಕಣ್ಣಿಗೆ ಬಿತ್ತು. ಮೇಲೆ ಹೋಗಿ ಯಾವ ಬಕೆಟ್ಟನ್ನು ಮೊದಲು ಇಳಿಸಬೇಕೆಂದು ಯೋಚಿಸಿದೆ. ಕೆ.ಆರ್.ಪುರದಿಂದ ಶುರುಮಾಡುವುದೇ ನ್ಯಾಯ ಎನಿಸಿತು.

ಮಧ್ಯಾಹ್ನ ಊಟಕ್ಕೆ ಕರೆ ಬಂತು. ಸೆಲ್ವಂ ಆಗಲೇ ಎರಡನೆಯ ತಟ್ಟೆಯಲ್ಲಿದ್ದ. ಹೊಸ ಉಡುಪಿನ ನೆಂಟರ ನಡುವೆ ಖಾಲಾ ಸೌಟು ಹಿಡಿದು ಬಡಿಸುತ್ತ, ಪ್ರತಿ ತಟ್ಟೆಗೂ ಒಂದೇ ಮಾತು ಸೇರಿಸುತ್ತಿದ್ದರು: “ಪುದೀನಾ ನಮ್ಮ ತಾರಸೀದು.” ಅಂಥೋಣಿ ಅಂಕಲ್ ಮೂಸಿ ನೋಡಿ, “ಅದಕ್ಕೇ ಈ ಸ್ಮೆಲ್ಲು,” ಎಂದು ತಲೆದೂಗಿದರು. ನಾನು ಖಾಲಾರ ಮುಖ ನೋಡಿದೆ. ಅವರು ಹುಬ್ಬು ಮಾತ್ರ ಏರಿಸಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಸುರಿದರು.

ಹೊಟ್ಟೆ ಹೊತ್ತುಕೊಂಡು ತಾರಸಿಗೆ ಬಂದು ಒರಗಿದೆ. ಪಾರಿವಾಳಗಳು ಕತ್ತರಿಸಿದ ಪುದೀನಾದ ಬುಡ ಪರೀಕ್ಷಿಸಲು ಇಳಿದಿದ್ದವು. ಆಗ ಕೆಳಗಿನಿಂದ ಬಂತು, ಒಂದು ತಿಂಗಳು ಕೂಡಿಟ್ಟದ್ದೆಲ್ಲ ಒಟ್ಟಿಗೆ: “ಏ ಬೇಶರಮ್...” ಪಾರಿವಾಳಗಳೂ ನಾನೂ ಏಕಕಾಲಕ್ಕೆ ಮೇಲಕ್ಕೆ ನೆಗೆದೆವು. ಅವು ಬೈಯಪ್ಪನಹಳ್ಳಿಯ ನಿಜವಾದ ದಿಕ್ಕಿಗೆ ಹೋದವು, ನಾನು ಗೋಡೆಗೆ ತಗುಲಿ ನಿಂತೆ. ನನ್ನದು ಎಷ್ಟು ಸಪ್ಪೆಯಾಗಿತ್ತೆಂಬುದು ಆಗ ಅರ್ಥವಾಯಿತು. “ಹೌದು, ನಿಂಗೇ ಹೇಳಿದ್ದು,” ಎಂದು ದನಿ ಮುಂದುವರಿಯಿತು. “ಮೆಟ್ಟಿಲ ಮೇಲೆ ಇಟ್ಟಿದೀನಿ, ಎತ್ಕೊಂಡು ಹೋಗು. ನಾಳೆ ನನ್ನ ಮೆಣಸಿನಕಾಯಿಗೂ ಸ್ವಲ್ಪ ಜಾಗ ಬಿಡು.”

ಮೆಟ್ಟಿಲ ಮೇಲಿದ್ದದ್ದು ಅಂದಿನ ಬಿರಿಯಾನಿಯ ತುಪ್ಪದ ಡಬ್ಬ, ತೊಳೆದು ಒರೆಸಿದ್ದು. ಬೋರಲು ಮಾಡಿ ನೋಡಿದೆ. ತಳದಲ್ಲಿ ಮೊಳೆಯಿಂದ ಹೊಡೆದ ತೂತುಗಳು. ತೂತು ಬಿದ್ದ ಡಬ್ಬ ಮತ್ತೆ ಸಜ್ಜೆ ಏರುವುದಿಲ್ಲ, ಹಿಟ್ಟು ಬೇಳೆ ಕಾಣುವುದಿಲ್ಲ. ಅದರಲ್ಲಿ ‘ಮುಂದೆ ಬೇಕಾಗುತ್ತೆ’ ಎಂಬ ಮಾತು ಕೂಡ ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಏನು ನೆಡಬೇಕೆಂದು ಇನ್ನೂ ತೋಚಿಲ್ಲ. ಜನ್ಮದಲ್ಲಿ ನೋಡಿದ ಮೊದಲ ಖಾಲಿ ಡಬ್ಬ ಇದು. ಸ್ವಲ್ಪ ಹೊತ್ತು ಖಾಲಿಯಾಗಿಯೇ ಇರಲಿ ಎಂದು ಎದುರಿಗಿಟ್ಟುಕೊಂಡು ಕೂತಿದ್ದೇನೆ.