ಕ್ಯೋಟೊದ ಗುಡಿಯಲ್ಲಿ ಅವ್ವ ಹಾಕಿದ ನೀರು

ಇಲ್ಲಿ ಜನ ದುಡ್ಡು ಕೊಟ್ಟು ನಡೆಯುತ್ತಾರೆ. ಕ್ಯೋಟೊಗೆ ಬಂದ ಹೊಸದರಲ್ಲಿ ನನಗೆ ಇದನ್ನು ನಂಬಲಾಗಲಿಲ್ಲ. ಬಸ್ಸಿದೆ, ರೈಲಿದೆ, ಆದರೂ ಬೆಳಬೆಳಿಗ್ಗೆ ಒಂದಷ್ಟು ಮಂದಿ ಬೂಟು ಬಿಗಿದುಕೊಂಡು ಸ್ಟೇಷನ್ನಿನ ಮುಂದೆ ಸೇರುತ್ತಾರೆ. ಸಣ್ಣ ಬಾವುಟ ಹಿಡಿದ ಗೈಡಿನ ಹಿಂದೆ ಗುಡಿಯಿಂದ ಗುಡಿಗೆ ಸುತ್ತಿ, ಬಿದಿರು ಮೆಳೆ ದಾಟಿ, ಗುಡ್ಡ ಹತ್ತಿಳಿದು, ಸಂಜೆಗೆ ದಣಿದು ಖುಷಿಯಿಂದ ಮರಳುತ್ತಾರೆ. ಫೋನಿನಲ್ಲಿ ಹೇಳಿದಾಗ ಬೀದರಿನ ನೌಬಾದದ ಮನೆಯಲ್ಲಿ ಕೂತಿದ್ದ ಅವ್ವ ನಕ್ಕುಬಿಟ್ಟಳು. "ನಾವು ಬರಗಾಲದಾಗ ನಮ್ಮೂರು ಎಕಂಬಾದಿಂದ ಹೈದರಾಬಾದ ತನಕ ನಡದೀವಿ. ನಮ್ಮ ಮುಂದ ಯಾರೂ ಬಾವುಟ ಹಿಡೀಲಿಲ್ಲ ನೋಡು" ಅಂದಳು.

ನಾನು ಬಂದದ್ದು ಜಪಾನಿ ಭಾಷೆ ಕಲಿಯಲು. ನಮ್ಮ ಓಣಿಯ ಬುದ್ಧ ವಿಹಾರಕ್ಕೆ ಒಮ್ಮೆ ಬಂದಿದ್ದ ಜಪಾನಿ ಭಿಕ್ಷುವಿನ ಮಾತು ಕೇಳಿ ತಲೆಗೆ ಹತ್ತಿದ ಹುಚ್ಚು ಅದು. ವಿದೇಶಿಯರಿಗೆ ಇಲ್ಲಿ ಬಾಡಿಗೆ ಮನೆ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕ ಕೋಣೆಯಲ್ಲಿ ಎರಡೂ ಕೈ ಚಾಚಿದರೆ ಗೋಡೆ ತಾಗುತ್ತದೆ. ಊರಿಂದ ತಂದ ಜೋಳದ ಹಿಟ್ಟಿನಲ್ಲಿ ಮೊದಲ ದಿನ ರೊಟ್ಟಿ ಬಡಿದಾಗ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, ಬಡಗಿ ಕೆಲಸ ಇನ್ನೂ ಎಷ್ಟು ದಿನ ನಡೆಯುತ್ತದೆ ಎಂದು ಬಗ್ಗಿ ನಮಸ್ಕರಿಸಿ ಕೇಳಿದಳು. ಬಿಸಿ ರೊಟ್ಟಿ ಕೈಗಿಟ್ಟೆ. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ "ದೊಚಿರಾ ಮಾದೆ?" ಅನ್ನುತ್ತಾಳೆ, ಅಂದರೆ ಎಲ್ಲಿಯವರೆಗೆ? "ಇಲ್ಲೇ ಸ್ವಲ್ಪ ದೂರ" ಅಂದರೆ ಸಾಕು, ಸಮಾಧಾನ. ಬೀದರಿನಲ್ಲಿ ಹಾಗೆ ಹೇಳಿ ಯಾರಾದರೂ ಪಾರಾಗಲಿ ನೋಡೋಣ. ಯಾರ ಮನೆಗೆ, ಯಾಕೆ, ಊಟ ಆಯಿತೋ ಇಲ್ಲವೋ, ಎಲ್ಲ ಒಪ್ಪಿಸಿದ ಮೇಲೇ ಬಿಡುಗಡೆ. ಆ ಕಾಟ ತಪ್ಪಿತೆಂದು ಮೊದಲು ಹಿಗ್ಗಿದ್ದೆ. ಮೂರನೇ ತಿಂಗಳಿಗೆ ಅದಕ್ಕಾಗಿಯೇ ಹಂಬಲಿಸತೊಡಗಿದೆ.

ಆದರೂ ಇಲ್ಲೇ ಉಳಿಯುವ ಆಸೆ. ಓದು ಮುಗಿಯುತ್ತಾ ಬಂತು, ವೀಸಾ ಕೂಡ. ನಡಿಗೆ ಏರ್ಪಡಿಸುವ ಒಂದು ಸಣ್ಣ ಕಚೇರಿಯವರು ನನ್ನನ್ನು ಗೈಡಾಗಿ ನೋಡುತ್ತೇವೆ ಅಂದರು. ಪರೀಕ್ಷೆಯ ನಡಿಗೆಯಲ್ಲಿ ಪಾಸಾದರೆ ಇಲ್ಲೇ, ಇಲ್ಲದಿದ್ದರೆ ಬೀದರಿನ ದಾರಿ. ಅದೇ ಹೊತ್ತಿಗೆ ಅವ್ವ ಬಂದಳು. ಬದುಕಿಡೀ ಪ್ರಾಥಮಿಕ ಸಾಲಿಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ವಿಷಯ ಮುಚ್ಚಿಡುವ ಸ್ವಭಾವವಲ್ಲ. "ನಿನ್ನ ಕರಕೊಂಡು ಹೋಗಲಾಕ ಬಂದೀನಿ. ನೀ ಪಾಸಾಗ್ಲಿ ಅಂತ ನಾ ಬೇಡಕೊಳ್ಳಂಗಿಲ್ಲ" ಎಂದು ವಿಮಾನ ನಿಲ್ದಾಣದಲ್ಲೇ ಹೇಳಿದಳು.

ಪರೀಕ್ಷಕಿ ಮೊರಿ ಸಾನ್. ಸಾನ್ ಅಂದರೆ ನಮ್ಮ 'ರೀ' ಇದ್ದ ಹಾಗೆ, ಗೌರವಕ್ಕೆ. ನಡಿಗೆಯ ವೇಳೆ ಕೆಡಬಾರದು, ಇದೊಂದೇ ಅವರ ಮುಖ್ಯ ಕರಾರು. ಕಚೇರಿಯವರು ತಮ್ಮ ಮನೆಯವರನ್ನೇ ಪ್ರವಾಸಿಗಳನ್ನಾಗಿ ಮಾಡಿ ಕರೆತಂದಿದ್ದರಿಂದ ಅವ್ವನೂ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಗುಂಪಿಗೆ ಸೇರಿದಳು.

ಪೂರ್ವದ ಗುಡ್ಡದ ಬುಡದಲ್ಲಿ ಒಂದು ಹಳೆಯ ಗುಡಿ. ಬಾಗಿಲಲ್ಲೇ ಕಲ್ಲಿನ ತೊಟ್ಟಿ, ಅದರ ಮೇಲೆ ಹಿಶಾಕು ಎನ್ನುವ ಉದ್ದ ಹಿಡಿಯ ಬಿದಿರಿನ ಸೌಟುಗಳು. ಎಡಗೈ ತೊಳೆದು, ಬಲಗೈ ತೊಳೆದು, ಅಂಗೈಗೆ ನೀರು ಬಿಟ್ಟುಕೊಂಡು ಬಾಯಿ ಮುಕ್ಕಳಿಸಬೇಕು. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು, ಮುಂದೆ ಮುಟ್ಟುವವರಿಗಾಗಿ ಅದನ್ನು ತೊಳೆಯುತ್ತದೆ. ನಾನು ಇಂಗ್ಲಿಷಿನಲ್ಲೂ ಜಪಾನಿಯಲ್ಲೂ ವಿವರಿಸಿ ಮಾಡಿ ತೋರಿಸಿದೆ. ಅವ್ವನಿಗೆ ಕನ್ನಡದಲ್ಲಿ ಹೇಳಬೇಕೆಂದು ಹೊಳೆಯಲೇ ಇಲ್ಲ.

ಅವಳ ಸರದಿ ಬಂತು. ಮುಂದಿದ್ದ ಹೆಂಗಸು ಹಿಡಿ ತೊಳೆದು ಸೌಟು ಇಟ್ಟಳು. ಅವ್ವ ಅದನ್ನೇ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಸೊಂಟ ಬಗ್ಗಿಸಿ, ಎರಡೂ ಕೈ ಬೊಗಸೆ ಮಾಡಿ, ಯಾರಾದರೂ ನೀರು ಹಾಕಲೆಂದು ಕಾಯುತ್ತ ನಿಂತಳು.

ಬರಗಾಲದ ಆ ನಡಿಗೆಯ ಕಥೆಯನ್ನು ಊರಿನ ನನ್ನ ಅಜ್ಜಿ ಹೇಳಿದ್ದಳು. ದಾರಿಯ ಊರುಗಳ ಬಾವಿಗಳಲ್ಲಿ ನಮ್ಮವರು ಹಗ್ಗ ಮುಟ್ಟುವಂತಿರಲಿಲ್ಲ. ಮೇಲೆ ನಿಂತವರು ದೂರದಿಂದ ಹಾಕಿದ್ದನ್ನು ಬೊಗಸೆಯಲ್ಲಿ ಕುಡಿಯಬೇಕು. ಮಗುವೊಂದು ತಪ್ಪಿ ಕೊಡ ಮುಟ್ಟಿದ್ದಕ್ಕೆ ನಮ್ಮವರ ಕಣ್ಣೆದುರೇ ಅದನ್ನು ಹುಣಸೆ ಹಚ್ಚಿ ಉಜ್ಜಿ ತೊಳೆದರಂತೆ. ಆ ಮಗು ಯಾರೆಂದು ಅಜ್ಜಿ ಹೇಳಿರಲಿಲ್ಲ, ಅವ್ವ ಆ ಮಾತನ್ನೇ ಎತ್ತಿದವಳಲ್ಲ.

ಗುಂಪು ಕಾಯುತ್ತಿತ್ತು. ಮೊರಿ ಸಾನ್ ಗಡಿಯಾರ ನೋಡಿದರು. ನೋಡಲಿ ಅನಿಸಿತು. ಬಾವುಟ ಪಕ್ಕಕ್ಕಿಟ್ಟು ಅವ್ವನ ಬಳಿ ಹೋಗಿ, ಮುಟ್ಟಿದ್ದಕ್ಕೆ ತೊಳೆಯುವುದಲ್ಲ ಇದು, ಎಲ್ಲರೂ ಮುಂದಿನವರಿಗಾಗಿ ತೊಳೆದಿಡುತ್ತಾರೆ ಎಂದು ಮೆಲ್ಲಗೆ ಹೇಳಿದೆ.

"ನಾ ತೊಳದಿಟ್ಟದ್ದು ಅವರು ಮುಟ್ತಾರೇನು?"

"ಮುಟ್ತಾರವ್ವಾ. ನೀನ ಹಿಡಿ."

ಹಿಡಿದಳು. ಮುಕ್ಕಳಿಸಲಿಲ್ಲ, ಗಟಗಟ ಕುಡಿದೇಬಿಟ್ಟಳು. ಸೌಟೆತ್ತಿ ಹಿಡಿ ತೊಳೆದಳು. ಆದರೆ ಕೆಳಗಿಡಲಿಲ್ಲ. ಮತ್ತೆ ತುಂಬಿಕೊಂಡು ಹಿಂದೆ ನಿಂತಿದ್ದ ಮೊರಿ ಸಾನ್ ಕಡೆ ಚಾಚಿದಳು. ಇಲ್ಲಿ ಒಬ್ಬರು ಇನ್ನೊಬ್ಬರಿಗೆ ನೀರು ಹಾಕುವ ಪದ್ಧತಿಯೇ ಇಲ್ಲ. ಮೊರಿ ಸಾನ್ ಒಂದು ಗಳಿಗೆ ತಡೆದರು, ಆಮೇಲೆ ಬಗ್ಗಿ ಬೊಗಸೆ ಒಡ್ಡಿದರು. ಅವ್ವ ನಿಧಾನಕ್ಕೆ, ಒಂದು ಹನಿ ಹೊರಗೆ ಚೆಲ್ಲದಂತೆ ಹಾಕಿದಳು. ಅವರಾದ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಉಳಿದವರೆಲ್ಲ ತಾವಾಗಿಯೇ ಸಾಲು ನಿಂತು ಅವಳ ಕೈಯಿಂದಲೇ ನೀರು ಹಾಕಿಸಿಕೊಂಡರು. ನನಗೆ ಕಣ್ಣು ತುಂಬಿ ಮುಂದಿನ ಗುಡಿಯ ಹೆಸರೇ ಮರೆತುಹೋಯಿತು.

ನಡಿಗೆ ಮುಗಿಯುವಾಗ ಬಹಳ ತಡವಾಗಿತ್ತು. ಬೀದರಿಗೆ ಗಂಟು ಕಟ್ಟುವುದೇ ಸೈ ಅಂದುಕೊಂಡೆ. ಮೊರಿ ಸಾನ್ ನನ್ನೊಬ್ಬಳನ್ನೇ ಕರೆದು, ವೇಳೆ ಕೆಟ್ಟದ್ದು ತಪ್ಪೇ, ಅದನ್ನು ತಿದ್ದಿಕೊಳ್ಳಬೇಕು ಎಂದರು. ಆದರೆ ಗಡಿಯಾರ ನೋಡಿದ್ದನ್ನು ಕಂಡೂ ನೀನು ಅಮ್ಮನ ಹತ್ತಿರ ಹೋದೆ, ನಡೆಯಲಾರದೆ ನಿಂತವರ ಹತ್ತಿರ ಹೋಗುವ ಗೈಡೇ ನಮಗೆ ಬೇಕು, ಬರುವ ತಿಂಗಳಿಂದ ಬಾ ಎಂದರು.

ಇಳಿಜಾರಿನಲ್ಲಿ ಅವ್ವ ನನ್ನ ತೋಳು ಹಿಡಿದು ಇಳಿಯುತ್ತಿದ್ದಳು. ಏನಂದರು ಎಂದು ಕೇಳಿದಳು. ಹೇಳಿದೆ. "ಚಲೋ ಆತು" ಅಂದಳು. ಒಂದಷ್ಟು ದೂರ ಹೋದ ಮೇಲೆ ಅಂದಳು: "ಕರಕೊಂಡು ಹೋಗಲಾಕ ಬಂದಿದ್ದೆ. ನಾನ ನಿನ್ನ ಇಲ್ಲಿ ಇಟ್ಟು ಹೊಂಟಂಗಾತು ನೋಡು."

ವರ್ಷವಿಡೀ ಬಯಸಿದ್ದು ಕೈಗೆ ಬಂದಿತ್ತು. ಆದರೂ ಆ ಗಳಿಗೆಯಲ್ಲಿ ಅವಳು 'ಬಾ' ಅಂದಿದ್ದರೆ ಎಲ್ಲ ಬಿಟ್ಟು ಹೋಗಿಬಿಡುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು. ಅವಳು ಅನ್ನಲಿಲ್ಲ.