ಅಜ್ಜನ ರನ್‌ವೇ, ನನ್ನ ‘ನೋಡೋಣ’

ಈಗಿರುವ ಕೆಲ್ಲಿವಿಲ್‌ನ ಮನೆಯ ಗ್ಯಾರೇಜಿನಲ್ಲಿ ಮೊನ್ನೆ ಹುಲ್ಲು ಕತ್ತರಿಸುವ ಲಾನ್ ಮೋವರ್ ಬಿಚ್ಚಿಕೊಂಡು ಕೂತಿದ್ದೆ. ಹಳೆಯ ಎಂಜಿನ್ ಆಯಿಲ್‌ನ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಹದಿನೈದು ವರ್ಷದ ಹಿಂದೆ ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಿಳಿಯ ಅಜ್ಜ ನೆನಪಾದರು...

ಎಂಬತ್ತೈದು ದಾಟಿದ್ದ ಅವರ ಮೈಯಿಂದ ಸದಾ ಇದೇ ವಾಸನೆ. ಬೀದಿಯವರ ಮೋವರ್‌ಗಳನ್ನೆಲ್ಲ ಅವರೇ ರಿಪೇರಿ ಮಾಡುತ್ತಿದ್ದರು. ನಮ್ಮ ಮಗಳು ‘ಅಜ್ಜ’ ಎಂದು ಕರೆದಳು, ಅವರಿಗೂ ಅದೇ ಇಷ್ಟವಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಈ ದೇಶದ್ದೇ ಮರುಭೂಮಿಯ ನಡುವಿನ ಮಿಲಿಟರಿ ವಿಮಾನ ನಿಲ್ದಾಣವೊಂದರಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. ಪೊದೆ ಕಿತ್ತು, ಕೆಂಪು ಮಣ್ಣು ಸಮ ಮಾಡಿ, ಜಲ್ಲಿ ಹಾಕಿದ್ದೇ ರನ್‌ವೇ. ಡೇರೆಯಲ್ಲಿ ವಾಸ, ಕುಡಿಯುವ ನೀರೂ ಲಾರಿಯಲ್ಲಿ ಬರಬೇಕು. ಒಂದು ಬೆಳಗ್ಗೆ ಅವರೇ ಎಂಜಿನ್ ನೋಡಿ ಕಳಿಸಿದ ವಿಮಾನ ಮರಳಲಿಲ್ಲ. ಅದರಲ್ಲಿ ಇದ್ದವನು ಅವರ ಜೀವದ ಗೆಳೆಯ. ತಾನು ಸರಿಯಾಗಿ ನೋಡಲಿಲ್ಲವೇನೋ ಎಂಬ ಕೊರಗು ಅವರನ್ನು ಬಿಡಲೇ ಇಲ್ಲ. ಯುದ್ಧ ಮುಗಿದದ್ದೇ ಡೇರೆ ಕಿತ್ತು, ಖಾಲಿ ಡ್ರಮ್ಮುಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಹೊರಟರು. ಆಮೇಲೆ ಅತ್ತ ಯಾರೂ ಸುಳಿಯಲಿಲ್ಲ. ಸಾಯುವ ಮುಂಚೆ ಆ ರನ್‌ವೇಯ ಕೊನೆಗೆ ಹೋಗಿ ನಿಂತು ಗೆಳೆಯನಿಗೆ ಸಾರಿ ಹೇಳಬೇಕು, ಕರೆದುಕೊಂಡು ಹೋಗುತ್ತೀಯಾ ಎಂದು ಒಂದು ಭಾನುವಾರ ನನ್ನನ್ನು ಕೇಳಿದರು.

ಮೂರು ದಿನದ ಡ್ರೈವ್. ಹೊಸ ಕೆಲಸ, ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿ, ಇನ್ನೂ ಬಂದಿರಲಿಲ್ಲ. ಆದರೆ ಧಾರವಾಡದವನಿಗೆ ಹಿರಿಯರ ಮುಖ ನೋಡಿ ಇಲ್ಲ ಅನ್ನಲು ಬಾಯಿ ಬರುತ್ತದೆಯೇ? ಹೆಂಡತಿಯ ಕಡೆ ತಿರುಗಿ, “ನೋಡೂಣ ತಗೋ” ಎಂದೆ. ನಮ್ಮಲ್ಲಿ ಅದಕ್ಕೆ ಆಗುವುದಿಲ್ಲ ಎಂದೇ ಅರ್ಥ, ಕೇಳಿದವರಿಗೂ ತಿಳಿಯುತ್ತದೆ. ನಾನು ಏನಂದೆ ಎಂದು ಅಜ್ಜ ಕೇಳಿದಾಗ ಏಳು ವರ್ಷದ ಮಗಳು ಜಾಣತನ ತೋರಿಸಿದಳು: “ಡ್ಯಾಡ್ ಸೇಸ್, ಲೆಟ್ಸ್ ಗೋ ಸೀ ಇಟ್!”

ಅಜ್ಜ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ಆಗಲೇ ತಿದ್ದಬಹುದಿತ್ತು... ತಿದ್ದಲಿಲ್ಲ.

ಆಮೇಲೆ ಪ್ರತಿ ಭಾನುವಾರ ಬೇಲಿಯಾಚೆಯಿಂದ “ನೋಡೋನಾ?” ಎಂದು ನಗುತ್ತ ಕೇಳುವರು. ಬಿಸಿಲು ಇಳಿಯಲಿ, ರಜೆ ಸಿಗಲಿ... ನನ್ನ ನೆಪಗಳಿಗೇನು ಬರವೇ? ಹೆಂಡತಿ ಗದರಿದಳು: “ಆಗೂದಿಲ್ಲ ಅಂತ ಹೇಳಿಬಿಡ್ರಿ. ಪಾಪ, ಯಾಕ ಆಸೆ ಹಚ್ಚತೀರಿ?” ನಾನು ಹೇಳಲಿಲ್ಲ. ಒಳ್ಳೆಯವನೆನಿಸಿಕೊಳ್ಳುವ ಚಟ ನನಗೆ.

ಎರಡನೆಯ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಅಂತ್ಯಕ್ರಿಯೆ ಮುಗಿದ ಮೇಲೆ ಮೆಲ್ಬರ್ನ್‌ನದೇ ಗ್ಲೆನ್ ವೇವರ್ಲಿಯಲ್ಲಿದ್ದ ಅವರ ಮಗಳು ಬಂದು ನನಗೆ ಥ್ಯಾಂಕ್ಸ್ ಹೇಳಿದರು! ತಾವು ಎರಡು ಸಲ ಕಾರು ರೆಡಿ ಮಾಡಿಕೊಂಡು ಬಂದು, ಹೋಗೋಣ ಬಾ ಡ್ಯಾಡ್ ಎಂದು ಕರೆದಿದ್ದರಂತೆ. ಅಜ್ಜ ಒಪ್ಪಲಿಲ್ಲವಂತೆ. “ಪಕ್ಕದ ಮನೆಯವನು ಮಾತು ಕೊಟ್ಟಿದ್ದಾನೆ, ನಿನ್ನ ಜೊತೆ ಹೊರಟರೆ ಅವನಿಗೆ ಬೇಜಾರಾಗುತ್ತೆ” ಎಂದರಂತೆ.

ಈಗ ಪಿಆರ್ ಬಂದು, ಸಿಟಿಜನ್‌ಶಿಪ್ಪೂ ಆಗಿ, ಕೂಡಿಟ್ಟ ರಜೆ ಬೇಕಾದಷ್ಟಿದೆ. ಫೋನಿನ ಮ್ಯಾಪಿನಲ್ಲಿ ಆ ಜಾಗ ಆಗಾಗ ಹುಡುಕುತ್ತೇನೆ, ಕೆಂಪು ಮಣ್ಣಿನ ಮೇಲೆ ಒಂದು ಮಸುಕು ಗೆರೆ ಕಾಣುತ್ತದೆ. ನಾನು ಕರೆದುಕೊಂಡು ಹೋಗಬೇಕಾಗಿಯೂ ಇರಲಿಲ್ಲ. ಅಂದು ಇಲ್ಲ ಎಂದಿದ್ದರೆ ಸಾಕಿತ್ತು, ಅಜ್ಜ ಮಗಳ ಜೊತೆ ಹೋಗಿ ಬರುತ್ತಿದ್ದರು.